ಕಿರುದೋಣಿಯ ಮೋಟಾರು: ಒಂದು ಅಳತೆಯ ಇತಿಹಾಸ

ಆನೆಯ ತೂಕವನ್ನು ಕಂಡುಹಿಡಿದ ಜಾಣನ ಕತೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಆನೆಯನ್ನು ತೂಗಬಲ್ಲ ತಕ್ಕಡಿ ರಾಜನ ಉಗ್ರಾಣದಲ್ಲಿ ಇರಲಿಲ್ಲ. ಜಾಣನು ಆನೆಯನ್ನು ದೋಣಿಗೆ ಹತ್ತಿಸಿದನು. ನೀರು ಎಲ್ಲಿಯವರೆಗೆ ಏರಿತೋ ಅಲ್ಲಿಗೆ ಗೆರೆ ಎಳೆದನು. ಆನೆಯನ್ನು ಇಳಿಸಿ, ದೋಣಿ ಮತ್ತೆ ಅದೇ ಗೆರೆಗೆ ಮುಳುಗುವ ತನಕ ಕಲ್ಲು ತುಂಬಿಸಿದನು. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ತೂಗಿ ಕೂಡಿಸಿದನು. ನೇರವಾಗಿ ತೂಗಲಾಗದುದನ್ನು, ತೂಗಬಲ್ಲ ಮತ್ತೊಂದಕ್ಕೆ ಸರಿಗಟ್ಟಿ ನೋಡುವುದೇ ಅಳತೆಯ ಮೂಲಮಂತ್ರ. ಈ ಕತೆಯಲ್ಲಿ ದೋಣಿಯೇ ತಕ್ಕಡಿಯಾಯಿತು. ನಾನು ಈಗ ಹೇಳಹೊರಟಿರುವುದು ಅದಕ್ಕೆ ತುಸು ತಿರುವುಮುರುವಾದ ಸಂಗತಿ: ದೋಣಿಯನ್ನೇ ನಡೆಸುವ ಒಂದು ಪುಟ್ಟ ಮೋಟಾರಿನ ಸಾಮರ್ಥ್ಯವನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಬೇಕು?

ಕೊಳದಲ್ಲಿ ಮಾದರಿ ದೋಣಿಗಳನ್ನು ಓಡಿಸುವುದು ಈಗ ಎಷ್ಟೋ ದೇಶಗಳಲ್ಲಿ ಕೇವಲ ಮಕ್ಕಳ ಆಟವಾಗಿ ಉಳಿದಿಲ್ಲ. ಮೊಳದುದ್ದದ ದೋಣಿ, ಅದರೊಳಗೊಂದು ಸಣ್ಣ ಮೋಟಾರು, ಪಕ್ಕದಲ್ಲಿ ಬ್ಯಾಟರಿ, ಹಿಂದೆ ನೀರಿನಲ್ಲಿ ಮುಳುಗಿದ ಪ್ರೊಪೆಲ್ಲರ್. ಇಷ್ಟನ್ನಿಟ್ಟುಕೊಂಡು ದೊಡ್ಡವರೇ ಪಂದ್ಯ ಹೂಡುತ್ತಾರೆ. ಪಂದ್ಯವೆಂದ ಮೇಲೆ ‘ನಿನ್ನ ಮೋಟಾರು ಎಷ್ಟು ವ್ಯಾಟಿನದು?’ ಎಂಬ ಪ್ರಶ್ನೆ ಬಾರದಿರುವುದೆ? ಉತ್ತರವೇನೋ ಸುಲಭವೆಂದೇ ತೋರುತ್ತದೆ. ಬ್ಯಾಟರಿಯ ವೋಲ್ಟನ್ನು ತಂತಿಯಲ್ಲಿ ಹರಿಯುವ ಆಂಪಿಯರಿನಿಂದ ಗುಣಿಸಿದರೆ ವ್ಯಾಟು ಬಂದೇ ಬರುತ್ತದೆ. ಆದರೆ ಅದು ಮೋಟಾರು ಉಂಡುದರ ಲೆಕ್ಕವೇ ಹೊರತು ದುಡಿದುದರ ಲೆಕ್ಕವಲ್ಲ. ಉಂಡವರೆಲ್ಲ ಉಂಡಷ್ಟೇ ದುಡಿಯುವುದಾದರೆ ಲೋಕದಲ್ಲಿ ಜಗಳವೇ ಇರುತ್ತಿರಲಿಲ್ಲ! ದುಡಿಮೆಯ ಲೆಕ್ಕ ಬೇಕಾದರೆ ಮೋಟಾರಿನ ತಿರುಗುವ ಅಚ್ಚಿನ ಬಳಿಗೇ ಹೋಗಬೇಕು. ಅದಕ್ಕೊಂದು ಹೊರೆ ಹೊರಿಸಿ, ಅದು ಹೊತ್ತುದೆಷ್ಟು ಎಂದು ನೋಡಬೇಕು. ಇಷ್ಟು ಸರಳವಾದ ವಿವೇಕವನ್ನು ಮನುಷ್ಯರು ಸಂಪಾದಿಸಿಕೊಂಡ ಕತೆ ದೊಡ್ಡದು. ಅದರಲ್ಲಿ ಆಸೆಯಿದೆ, ನಿರಾಸೆಯಿದೆ, ಆ ನಿರಾಸೆಯಿಂದಲೇ ಹುಟ್ಟಿಬಂದ ಒಂದು ಮಹಾತತ್ತ್ವವೂ ಇದೆ.

ಮೊದಲು ಮಾತಿನ ತೊಡಕೊಂದನ್ನು ಬಿಡಿಸಿಕೊಳ್ಳಬೇಕು. ನಾನು ಕನ್ನಡದ ಮೇಷ್ಟ್ರಾದುದರಿಂದ ಈ ತೊಡಕು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಬಲ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತುಗಳನ್ನು ನಾವು ದಿನಬಳಕೆಯಲ್ಲಿ ಒಂದರ ಬದಲು ಒಂದನ್ನು ಆಡಿಬಿಡುತ್ತೇವೆ. ಕವಿತೆಯಲ್ಲಿ ಅದರಿಂದ ಹಾನಿಯಿಲ್ಲ. ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಮಾತ್ರ ಬಲವೆಂದರೆ ನೂಕುವ ಇಲ್ಲವೆ ಎಳೆಯುವ ಒತ್ತಾಯ. ಶಕ್ತಿಯೆಂದರೆ ಕೆಲಸ ಮಾಡಲು ಕೂಡಿಟ್ಟ ಬಂಡವಾಳ. ಸಾಮರ್ಥ್ಯವೆಂದರೆ ಆ ಬಂಡವಾಳ ಕ್ಷಣಕ್ಷಣಕ್ಕೂ ಕೆಲಸವಾಗಿ ಖರ್ಚಾಗುವ ವೇಗ. ಒಬ್ಬ ಆಳು ಒಂದು ಮೂಟೆಯನ್ನು ಅಟ್ಟಕ್ಕೆ ಏರಿಸಲು ಒಂದು ನಿಮಿಷ ತೆಗೆದುಕೊಂಡರೆ, ಇನ್ನೊಬ್ಬನು ಅರ್ಧ ಗಳಿಗೆ ತೆಗೆದುಕೊಳ್ಳಬಹುದು. ಮಾಡಿದ ಕೆಲಸ ಒಂದೇ, ಸಾಮರ್ಥ್ಯ ಬೇರೆ. ಈ ಗೊಂದಲ ನಮ್ಮೊಬ್ಬರದೇ ಅಲ್ಲ. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿದ್ವಾಂಸನು ಶಕ್ತಿಯ ನಿತ್ಯತೆಯನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥದ ಹೆಸರಿನಲ್ಲಿಯೂ, ಇಂದು ನಾವು ‘ಬಲ’ ಎಂದು ತಿಳಿಯುವ ಪದವೇ ಇದೆ. ಅಳತೆ ನಿಖರವಾದಂತೆಲ್ಲ ಮಾತೂ ನಿಖರವಾಗುತ್ತ ಬಂದಿತು.

ಸಾಮರ್ಥ್ಯಕ್ಕೆ ಮೊದಲು ಒಂದು ಮಾನವನ್ನು ಕಟ್ಟಿದವನು ಜೇಮ್ಸ್ ವ್ಯಾಟ್. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅವನು ತನ್ನ ಉಗಿಯಂತ್ರಗಳನ್ನು ಮಾರಲು ಹೊರಟಾಗ, ಕೊಳ್ಳುವವರಿಗೆ ಚೆನ್ನಾಗಿ ಗೊತ್ತಿದ್ದ ದುಡಿಮೆಗಾರನೆಂದರೆ ಕುದುರೆ. ಗಿರಣಿಯ ಕುದುರೆಯ ದುಡಿಮೆಯನ್ನು ಲೆಕ್ಕಹಾಕಿ, ಒಂದು ಕುದುರೆ ಒಂದು ನಿಮಿಷದಲ್ಲಿ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುತ್ತದೆಂದು ಅವನು ಗೊತ್ತುಪಡಿಸಿದನು. ನಮ್ಮ ರೈತರು ಬಾವಿಯ ಪಂಪಿಗೆ ‘ಐದು ಎಚ್‌ಪಿ ಮೋಟಾರು’ ಎನ್ನುವಾಗ ಆ ಹಳೆಯ ಗಿರಣಿಯ ಕುದುರೆಗಳೇ ಇಂದಿಗೂ ನಮ್ಮ ಹೊಲಗಳಲ್ಲಿ ದುಡಿಯುತ್ತಿವೆ ಎನ್ನಬಹುದು. ಇಂದಿನ ಲೆಕ್ಕದಲ್ಲಿ ಒಂದು ಅಶ್ವಶಕ್ತಿ ಎಂದರೆ 746 ವ್ಯಾಟು.

ಮಾನವೇನೋ ಸಿಕ್ಕಿತು, ಅಳೆಯುವ ಉಪಕರಣ? ಅದನ್ನು ಒದಗಿಸಿದವನು ಗಾಸ್ಪಾರ್ ದ ಪ್ರೋನಿ ಎಂಬ ಫ್ರೆಂಚ್ ಎಂಜಿನಿಯರು. 1821ರಲ್ಲಿ ಅವನು ಮಾಡಿದ ಉಪಾಯ ನೋಡಲು ಬಹು ಸರಳ. ತಿರುಗುತ್ತಿರುವ ಅಚ್ಚನ್ನು ಎರಡು ಮರದ ತುಂಡುಗಳ ನಡುವೆ ಬಿಗಿಹಿಡಿಯುವುದು. ಮರದ ತುಂಡಿಗೆ ಒಂದು ಉದ್ದನೆಯ ತೋಳು. ಅಚ್ಚು ತಾನು ತಿರುಗುವಾಗ ಮರವನ್ನೂ ತನ್ನ ಜೊತೆಗೆ ತಿರುಗಿಸಲು ಹವಣಿಸುತ್ತದೆ. ಅದು ತಿರುಗದಂತೆ ತೋಳಿನ ತುದಿಗೆ ತೂಕ ಕಟ್ಟಿ ಮಟ್ಟವಾಗಿ ನಿಲ್ಲಿಸುವುದು. ಎಷ್ಟು ತೂಕ, ಎಷ್ಟು ಉದ್ದದ ತೋಳು, ನಿಮಿಷಕ್ಕೆ ಎಷ್ಟು ಸುತ್ತು ಎಂಬ ಮೂರು ಸಂಖ್ಯೆಗಳು ತಿಳಿದರೆ ಸಾಮರ್ಥ್ಯ ಕೈಗೆ ಬಂದಂತೆಯೇ. ಯಂತ್ರದ ದುಡಿಮೆಯೆಲ್ಲ ಮರದ ಉಜ್ಜಾಟದಲ್ಲಿ ಬಿಸಿಯಾಗಿ ಹೋಗುತ್ತದೆ, ನಿಜ. ಆದರೆ ಹೋಗುವ ಮುನ್ನ ತನ್ನ ಲೆಕ್ಕವನ್ನು ಒಪ್ಪಿಸಿಯೇ ಹೋಗುತ್ತದೆ.

ಇದೇ ವರ್ಷಗಳಲ್ಲಿ ವಿದ್ಯುತ್ತಿನಿಂದ ಚಲನೆ ಹುಟ್ಟುವ ಸೋಜಿಗವೂ ಬೆಳಕಿಗೆ ಬಂದಿತು. 1820ರಲ್ಲಿ ಅರ್ಸ್ಟೆಡ್, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ತೋರಿಸಿದನು. ಮರುವರ್ಷವೇ ಫ್ಯಾರಡೆ ತಂತಿಯೊಂದನ್ನು ಆಯಸ್ಕಾಂತದ ಸುತ್ತ ಸುತ್ತುವಂತೆ ಮಾಡಿದನು. ಆದರೆ ಇವೆಲ್ಲ ನೋಡಿ ಬೆರಗಾಗುವ ಆಟಿಕೆಗಳು. ಹೊರೆ ಹೊತ್ತು ತೋರಿಸಿದ ಮೊದಲ ಮೋಟಾರುಗಳಲ್ಲಿ ಹೆಸರಾದುದು ಮೋರಿಟ್ಸ್ ಯಾಕೋಬಿಯದು. ಈತ ಜರ್ಮನಿಯ ಪಾಟ್ಸ್‌ಡಾಮಿನವನು. ಗಣಿತಜ್ಞನೆಂದು ಪ್ರಖ್ಯಾತನಾದ ಕಾರ್ಲ್ ಯಾಕೋಬಿಯ ಅಣ್ಣ. 1834ರಲ್ಲಿ ಕ್ಯೋನಿಗ್ಸ್‌ಬರ್ಗಿನಲ್ಲಿ ಅವನು ಕಟ್ಟಿದ ಮೋಟಾರು ಹತ್ತು ಹನ್ನೆರಡು ಪೌಂಡು ತೂಕವನ್ನು ಸೆಕೆಂಡಿಗೆ ಒಂದು ಅಡಿಯಂತೆ ಎತ್ತಿತು. ಇದನ್ನು ಇಂದಿನ ಮಾನಕ್ಕೆ ಇಳಿಸಿದರೆ ಸುಮಾರು 15 ವ್ಯಾಟು, ಎಂದರೆ ಒಂದು ಕುದುರೆಯ ಸುಮಾರು ಐವತ್ತರಲ್ಲೊಂದು ಪಾಲು. ಅಂದು ಯೂರೋಪಿನ ವಿದ್ವಾಂಸರನ್ನು ಬೆರಗುಗೊಳಿಸಿದ ಆ ಯಂತ್ರ, ಇಂದಿನ ಒಂದು ಸಾಧಾರಣ ಮಾದರಿ ದೋಣಿಯ ಮೋಟಾರಿಗೆ ಸರಿಸಾಟಿ. ಹಾಗೆ ನೋಡಿದರೆ, ಕೊಳದಲ್ಲಿ ಆಡುವ ದೋಣಿಯೊಳಗೆ ವಿದ್ಯುಚ್ಚಾಲನೆಯ ಆದಿಪರ್ವವೇ ಅಡಗಿದೆ.

ಯಾಕೋಬಿ ಅಲ್ಲಿಗೇ ನಿಲ್ಲಲಿಲ್ಲ. ರಷ್ಯಾದ ಚಕ್ರವರ್ತಿ ಒಂದನೆಯ ನಿಕೊಲಾಸನ ಆಶ್ರಯ ಅವನಿಗೆ ದೊರೆಯಿತು. 1838ರ ಸೆಪ್ಟೆಂಬರ್ 13ರಂದು ಸೇಂಟ್ ಪೀಟರ್ಸ್‌ಬರ್ಗಿನ ನೇವಾ ನದಿಯ ಮೇಲೆ ಸುಮಾರು 8 ಮೀಟರ್ ಉದ್ದದ ದೋಣಿಯೊಂದು, ಹುಟ್ಟು ಹಾಕುವವರಿಲ್ಲದೆ, ಹೊಗೆಯೂ ಇಲ್ಲದೆ, ಎರಡು ಪಕ್ಕದ ಚಕ್ರಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಮುಂದೆ ಸಾಗಿತು. ಅದರ ಬ್ಯಾಟರಿಯಲ್ಲಿ ಸತುವು ಮತ್ತು ತಾಮ್ರದ 320 ಜೋಡಿ ತಗಡುಗಳಿದ್ದುವು; ತೂಕ ಸುಮಾರು 200 ಕಿಲೋಗ್ರಾಂ. ಹನ್ನೆರಡು ಮಂದಿಯಷ್ಟು ಜನ ಕುಳಿತುಕೊಳ್ಳಬಹುದಾಗಿದ್ದ ಆ ದೋಣಿಯ ವೇಗ ಗಂಟೆಗೆ ಎರಡೂವರೆ ಕಿಲೋಮೀಟರು. ದಡದಲ್ಲಿ ಮೆಲ್ಲನೆ ನಡೆಯುವ ಮುದುಕರು ಅದನ್ನು ಹಿಂದೆ ಹಾಕಬಹುದಿತ್ತು. ಮೋಟಾರಿನ ಸಾಮರ್ಥ್ಯ ಅರ್ಧ ಅಶ್ವಶಕ್ತಿಯೂ ಇರಲಿಲ್ಲ. ಮರುವರ್ಷ ಮೋಟಾರನ್ನು ತಿದ್ದಿ, ಗ್ರೋವ್ ಎಂಬಾತನು ಹೊಸದಾಗಿ ರಚಿಸಿದ್ದ ಸತುವು–ಪ್ಲಾಟಿನಮ್ ಬ್ಯಾಟರಿಯನ್ನು ಜೋಡಿಸಿದಾಗ ಸಾಮರ್ಥ್ಯ ಮೂರು ನಾಲ್ಕು ಪಟ್ಟು ಹೆಚ್ಚಿತು. ವೇಗ ಮಾತ್ರ ಗಂಟೆಗೆ ನಾಲ್ಕು ಕಿಲೋಮೀಟರಿಗೆ ಏರಿತು. ಸಾಮರ್ಥ್ಯ ಮೂರು ಪಟ್ಟಾದರೂ ವೇಗ ಎರಡು ಪಟ್ಟಾಗದಿರುವುದು ನೀರಿನ ಧರ್ಮ. ವೇಗ ಹೆಚ್ಚಿದಂತೆಲ್ಲ ನೀರು ಕೇಳುವ ಸುಂಕ ಅದಕ್ಕಿಂತ ಬೇಗ ಹೆಚ್ಚುತ್ತದೆ. ಗ್ರೋವನ ಬ್ಯಾಟರಿಯಲ್ಲಿದ್ದ ನೈಟ್ರಿಕ್ ಆಮ್ಲದಿಂದ ಉಸಿರುಗಟ್ಟಿಸುವ ಕಂದುಬಣ್ಣದ ಹೊಗೆ ಏಳುತ್ತದೆ. ಉಗಿಯಂತ್ರದ ಹೊಗೆಯನ್ನು ತಪ್ಪಿಸಿಕೊಂಡವರಿಗೆ ಇದೊಂದು ಹೊಸ ಬಹುಮಾನ!

ನೇವಾ ನದಿಯ ಸುದ್ದಿಯನ್ನು ಕೇಳಿ ಪುಳಕಗೊಂಡವರು ಎಷ್ಟೋ ಜನ. ಉಗಿಯ ಕಾಲ ಮುಗಿಯಿತು, ಇನ್ನು ವಿದ್ಯುತ್ತಿನ ಕಾಲ ಎಂದು ನಂಬಿದ ತರುಣರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ಒಬ್ಬನು. ಮ್ಯಾಂಚೆಸ್ಟರಿನ ಪಕ್ಕದ ಸ್ಯಾಲ್ಫರ್ಡಿನಲ್ಲಿ ಬಿಯರ್ ತಯಾರಿಸುವ ಅನುಕೂಲಸ್ಥ ಮನೆತನದ ಮಗ. 1838ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ತಾನು ಕಟ್ಟಿದ ಮೋಟಾರಿನ ವಿವರವನ್ನು ಅಚ್ಚು ಹಾಕಿಸಿದನು. ಮರುವರ್ಷ, ಉಗಿಯ ಸ್ಥಾನಕ್ಕೆ ವಿದ್ಯುತ್ಕಾಂತ ಬಂದೇ ಬರುತ್ತದೆಂಬ ಭರವಸೆಯ ಮಾತನ್ನೂ ಬರೆದನು. ಆದರೆ ಈ ತರುಣನಿಗೆ ಒಂದು ಒಳ್ಳೆಯ ಅಭ್ಯಾಸವಿದ್ದಿತು: ನಂಬಿದುದನ್ನೂ ಅಳೆದು ನೋಡುವುದು. ಬ್ಯಾಟರಿಯಲ್ಲಿ ಕರಗಿದ ಸತುವಿನ ತೂಕವೆಷ್ಟು, ಮೋಟಾರು ಎತ್ತಿದ ಭಾರವೆಷ್ಟು ಎಂದು ಅವನು ಜಮಾಖರ್ಚು ಬರೆಯುತ್ತ ಹೋದನು.

1841ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರಿನ ಸಭೆಯೊಂದರ ಮುಂದೆ ಅವನು ಈ ಜಮಾಖರ್ಚನ್ನು ಇಟ್ಟನು. ಗ್ರೋವನ ಬ್ಯಾಟರಿಯಲ್ಲಿ ಒಂದು ಪೌಂಡು ಸತುವು ಕರಗಿದರೆ ಮೋಟಾರು 3,31,400 ಪೌಂಡು ಭಾರವನ್ನು ಒಂದು ಅಡಿ ಎತ್ತಬಲ್ಲುದು. ಕಾರ್ನ್‌ವಾಲಿನ ಗಣಿಗಳಲ್ಲಿ ನೀರೆತ್ತುತ್ತಿದ್ದ ಅತ್ಯುತ್ತಮ ಉಗಿಯಂತ್ರವಾದರೋ ಒಂದು ಪೌಂಡು ಕಲ್ಲಿದ್ದಲಿನಿಂದ 15,00,000 ಪೌಂಡು ಭಾರವನ್ನು ಅಷ್ಟೇ ಎತ್ತುತ್ತಿದ್ದಿತು. ಎಂದರೆ ಸತುವಿನ ದುಡಿಮೆ ಇದ್ದಲಿನ ದುಡಿಮೆಯ ಕಾಲುಪಾಲೂ ಆಗಲಿಲ್ಲ. ಬೆಲೆಯನ್ನು ನೋಡಿದರೋ ಸತುವು ಇದ್ದಲಿಗಿಂತ ಬಹಳ ದುಬಾರಿ. ವಿದ್ಯುತ್ಕಾಂತದಿಂದ ಅಗ್ಗದ ಚಾಲನೆ ದೊರೆಯುವ ವಿಷಯದಲ್ಲಿ ತಾನು ಹೆಚ್ಚುಕಡಮೆ ಆಸೆಯನ್ನೇ ಬಿಟ್ಟಿರುವುದಾಗಿ ಜೌಲನು ಆ ಸಭೆಯಲ್ಲಿ ಹೇಳಿದನು. ತನ್ನ ಕೈಯಿಂದಲೇ ಕಟ್ಟಿದ ಯಂತ್ರದ ಮೇಲೆ, ತನ್ನದೇ ಆಸೆಗೆ ವಿರುದ್ಧವಾಗಿ, ಇಪ್ಪತ್ತೆರಡು ವರ್ಷದ ತರುಣ ಕೊಟ್ಟ ತೀರ್ಪು ಇದು. ನೇವಾ ನದಿಯ ದೋಣಿಯೂ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಅದನ್ನು ಮುಳುಗಿಸಿದುದು ನೀರಲ್ಲ, ಸತುವಿನ ಲೆಕ್ಕ.

ಆದರೆ ಲೆಕ್ಕ ಇಟ್ಟವನಿಗೆ ನಷ್ಟದಲ್ಲಿಯೂ ಒಂದು ಲಾಭವಿರುತ್ತದೆ. ಮೋಟಾರು ಉಂಡುದಕ್ಕೂ ದುಡಿದುದಕ್ಕೂ ನಡುವೆ ಉಳಿದ ಅಂತರ ಎಲ್ಲಿ ಹೋಯಿತು? ತಂತಿಯನ್ನು ಮುಟ್ಟಿದರೆ ಬಿಸಿ. ವಿದ್ಯುತ್ತು ಇಮ್ಮಡಿಯಾದರೆ ತಂತಿಯ ಬಿಸಿ ನಾಲ್ಮಡಿಯಾಗುತ್ತದೆಂಬ ನಿಯಮವನ್ನು ಜೌಲನು ಆಗಲೇ ಕಂಡುಕೊಂಡಿದ್ದನು. ಹಾಗಾದರೆ ಕಳೆದುಹೋದ ಕೆಲಸವೇ ಬಿಸಿಯ ರೂಪ ತಾಳಿತೆ? ಇಂತಿಷ್ಟು ಕೆಲಸಕ್ಕೆ ಇಂತಿಷ್ಟೇ ಬಿಸಿ ಎಂಬ ಕಟ್ಟುನಿಟ್ಟಾದ ವಿನಿಮಯ ದರ ಉಂಟೆ? ಉಂಟೆಂದು ಅವನು 1843ರಲ್ಲಿ ಸಾರಿದನು. ಆಮೇಲೆ ವಿದ್ಯುತ್ತನ್ನೂ ಬಿಟ್ಟು, ಪಾತ್ರೆಯೊಂದರಲ್ಲಿ ನೀರು ತುಂಬಿ, ಇಳಿಯುವ ತೂಕಗಳಿಂದ ಸಣ್ಣ ಹುಟ್ಟುಚಕ್ರವನ್ನು ನೀರಿನೊಳಗೆ ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತೆಂದು ಅಳೆದನು. ಒಂದು ಪೌಂಡು ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಾಯಿಸಲು 772 ಪೌಂಡು ಭಾರ ಒಂದು ಅಡಿ ಇಳಿಯಬೇಕು ಎಂಬ ಸಂಖ್ಯೆಗೆ ಅವನು ಬಂದು ನಿಂತನು. ನೇವಾ ನದಿಯಲ್ಲಿ ದೋಣಿಯನ್ನು ನೂಕಿದ ಹುಟ್ಟುಚಕ್ರವೇ ಇಲ್ಲಿ ಪಾತ್ರೆಯೊಳಗೆ ಬಂದು ಲೋಕದ ಒಂದು ನಿತ್ಯಸತ್ಯವನ್ನು ಕಡೆದು ತೆಗೆಯಿತು: ಶಕ್ತಿ ರೂಪ ಬದಲಾಯಿಸುತ್ತದೆಯೇ ಹೊರತು ನಾಶವಾಗುವುದಿಲ್ಲ.

ಈ ನಡುವೆ ಯಾಕೋಬಿಯೂ ಸುಮ್ಮನಿರಲಿಲ್ಲ. 1840ರ ಹೊತ್ತಿಗೆ ಅವನು ಕಂಡುಕೊಂಡ ನಿಯಮವೊಂದು ಇಂದು ಮಾದರಿ ದೋಣಿ ಕಟ್ಟುವ ಪ್ರತಿಯೊಬ್ಬನಿಗೂ ದಾರಿದೀಪ. ತಿರುಗುವ ಮೋಟಾರು ತಾನೂ ಒಂದು ಸಣ್ಣ ಡೈನಮೋ ಆಗಿ, ಬ್ಯಾಟರಿಗೆ ಎದುರೊತ್ತಡವನ್ನು ಹುಟ್ಟಿಸುತ್ತದೆ. ವೇಗ ಹೆಚ್ಚಿದಷ್ಟೂ ಎದುರೊತ್ತಡ ಹೆಚ್ಚು. ಒಳಗೆ ಹರಿಯುವ ವಿದ್ಯುತ್ತು ಅಷ್ಟಷ್ಟು ಕಡಮೆ. ಇದನ್ನು ಬಾವಿಯ ರಾಟೆಯಿಂದ ತಿಳಿಯಬಹುದು. ಎತ್ತಲಾರದಷ್ಟು ದೊಡ್ಡ ಹಂಡೆಯನ್ನು ಹಗ್ಗಕ್ಕೆ ಕಟ್ಟಿದರೆ ಮೈಯೆಲ್ಲ ಬೆವರಾದರೂ ಹಂಡೆ ಮೇಲೆ ಬಾರದು. ಬರಿಯ ಹಗ್ಗವನ್ನೇ ಸರಸರನೆ ಎಳೆದರೆ ಕೈ ಚುರುಕಾಗಿ ಆಡುತ್ತದೆ, ನೀರು ಮಾತ್ರ ಬರುವುದಿಲ್ಲ. ಇವೆರಡರ ನಡುವೆ ಎಲ್ಲಿಯೋ ಒಂದು ಹದವಾದ ಕೊಡವಿದೆ. ಅದರಿಂದಲೇ ಹೆಚ್ಚು ನೀರು. ಮೋಟಾರಿಗೂ ಹಾಗೆಯೇ. ಅಚ್ಚನ್ನು ಅಲುಗದಂತೆ ಹಿಡಿದರೆ ವಿದ್ಯುತ್ತು ಭರದಿಂದ ಹರಿದು ತಂತಿ ಸುಡುತ್ತದೆ, ಕೆಲಸ ಸೊನ್ನೆ. ಹೊರೆಯಿಲ್ಲದೆ ಬಿಟ್ಟರೆ ವೇಗವೇ ವೇಗ, ಆಗಲೂ ಕೆಲಸ ಸೊನ್ನೆ. ಹೊರೆಯಿಲ್ಲದ ವೇಗದ ಅರ್ಧಕ್ಕೆ ಇಳಿಯುವಂತೆ ಹೊರೆ ಹೊರಿಸಿದಾಗ ಸಾಮರ್ಥ್ಯ ಅತ್ಯಧಿಕ. ಆದರೆ ಆ ಹದದಲ್ಲಿ ಉಂಡುದರಲ್ಲಿ ಅರ್ಧ ಮಾತ್ರ ದುಡಿಮೆ, ಉಳಿದರ್ಧ ಬಿಸಿ.

ಈ ಅರ್ಧದ ಮಾತು ಹಲವು ದಶಕಗಳ ಕಾಲ ದೊಡ್ಡ ಅಪಾರ್ಥಕ್ಕೆ ಎಡೆಯಾಯಿತು. ವಿದ್ಯುತ್ ಯಂತ್ರದ ದಕ್ಷತೆ ಎಂದೆಂದಿಗೂ ನೂರಕ್ಕೆ ಐವತ್ತನ್ನು ಮೀರಲಾರದೆಂದು ಬಲ್ಲವರೂ ನಂಬಿಬಿಟ್ಟರು. ಯಾಕೋಬಿಯ ನಿಯಮ ಹೇಳುವುದು ಹೆಚ್ಚಿನ ಸಾಮರ್ಥ್ಯದ ಹದವನ್ನು, ಹೆಚ್ಚಿನ ದಕ್ಷತೆಯ ಹದವನ್ನಲ್ಲ. ತಿಕ್ಕಾಟವನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಹೊರೆಯನ್ನು ತಗ್ಗಿಸಿ ಪೂರ್ಣ ವೇಗದ ನೂರಕ್ಕೆ 80ರಲ್ಲಿ ಓಡಿಸಿದಾಗ ದಕ್ಷತೆ ನೂರಕ್ಕೆ 80ಕ್ಕೆ ಏರುತ್ತದೆ. ಸಾಮರ್ಥ್ಯ ಅತ್ಯಧಿಕದ ನೂರಕ್ಕೆ 64ಕ್ಕೆ ಇಳಿಯುತ್ತದೆ. 1880ರ ಸುಮಾರಿಗೆ ದೊಡ್ಡ ಡೈನಮೋಗಳನ್ನು ಕಟ್ಟಿದವರು ಇದನ್ನು ಅರಿತುಕೊಂಡ ಮೇಲೆಯೇ ಈ ಭ್ರಾಂತಿ ಹರಿಯಿತು. ಮಾದರಿ ದೋಣಿಯವನಿಗೂ ಇದರಲ್ಲಿ ಪಾಠವಿದೆ. ವೇಗದ ಆಸೆಗೆ ದೊಡ್ಡ ಪ್ರೊಪೆಲ್ಲರ್ ಸಿಕ್ಕಿಸಿದರೆ ಮೋಟಾರು ಅರ್ಧಕ್ಕಿಂತಲೂ ಕೆಳಗೆ ಕುಸಿದು, ದೋಣಿ ನಿಧಾನವಾಗಿ, ಮೋಟಾರು ಸುಟ್ಟು ಹೋಗುತ್ತದೆ.

ಇನ್ನು ದೋಣಿಯ ಕಡೆಯ ಲೆಕ್ಕ. ಅಚ್ಚಿನ ಬಳಿ ಅಳೆದ ಸಾಮರ್ಥ್ಯವೆಲ್ಲ ದೋಣಿಯ ಓಟವಾಗುವುದಿಲ್ಲ. ಪ್ರೊಪೆಲ್ಲರ್ ನೀರನ್ನು ಕಡೆಯುವುದರಲ್ಲಿಯೂ ಒಂದು ಪಾಲು ಸೋರಿಹೋಗುತ್ತದೆ. ಈ ಸೋರಿಕೆಯನ್ನು ಕ್ರಮವಾಗಿ ಅಳೆದವನು ಇಂಗ್ಲೆಂಡಿನ ವಿಲಿಯಂ ಫ್ರೂಡ್. 1872ರಲ್ಲಿ ಟಾರ್ಕಿಯಲ್ಲಿ 278 ಅಡಿ ಉದ್ದದ ಕೊಳವೊಂದನ್ನು ಕಟ್ಟಿಸಿ, ಮೇಣದಿಂದ ಮಾಡಿದ ಮಾದರಿ ಹಡಗುಗಳನ್ನು ಎಳೆಸಿ, ನೀರಿನ ತಡೆಯನ್ನು ಅಳೆದನು. ಹಡಗಿನ ಯಂತ್ರ ತೋರಿಸುವ ಸಾಮರ್ಥ್ಯದಲ್ಲಿ ಹಡಗನ್ನು ನಿಜವಾಗಿ ಮುಂದೊಯ್ಯುವುದು ಅರ್ಧಕ್ಕಿಂತಲೂ ಕಡಮೆ ಎಂದು ಅವನು ತೋರಿಸಿಕೊಟ್ಟನು. ಅಳತೆಗಳು ಕಿರಿದಾದಾಗ ಸಾಮರ್ಥ್ಯ ಎಷ್ಟು ಕಿರಿದಾಗಬೇಕೆಂಬುದಕ್ಕೂ ಅವನ ಸೂತ್ರವೇ ಆಧಾರ. ನೂರು ಮೀಟರ್ ಉದ್ದದ ಹಡಗಿಗೆ ಒಂದು ಮೀಟರಿನ ಮಾದರಿ ಮಾಡಿದರೆ, ಅದರ ವೇಗ ಹತ್ತರಲ್ಲೊಂದು ಪಾಲಾಗಬೇಕು; ಸಾಮರ್ಥ್ಯವಾದರೋ ಕೋಟಿಯಲ್ಲೊಂದು ಪಾಲು! ಹಡಗಿಗೆ 10,000 ಕಿಲೋವ್ಯಾಟು ಬೇಕಾದಲ್ಲಿ ಮಾದರಿಗೆ ಒಂದೇ ವ್ಯಾಟು. ಮೈಗೆ ತಾಕುವ ನೀರಿನ ಉಜ್ಜಾಟವನ್ನು ಬೇರೆಯಾಗಿ ಕೂಡಿಸಬೇಕಾದುದರಿಂದ ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ದೊಡ್ಡ ಎಂಜಿನುಗಳಿಗಾಗಿ ಫ್ರೂಡನು 1877ರಲ್ಲಿ ನೀರಿನ ಬ್ರೇಕನ್ನೂ ರಚಿಸಿದನು: ಎಂಜಿನು ಒಂದು ಗೂಡಿನೊಳಗೆ ನೀರನ್ನು ಕಡೆಯುತ್ತದೆ, ಗೂಡು ತಿರುಗಲು ಹವಣಿಸುವುದನ್ನು ತೂಕದಿಂದ ತಡೆದು ಅಳೆಯುತ್ತಾರೆ, ನೀರು ಬಿಸಿಯಾಗಿ ಹರಿದುಹೋಗುತ್ತದೆ. ಜೌಲನ ಪಾತ್ರೆಯೇ ಇಲ್ಲಿ ದೊಡ್ಡದಾಗಿ ಬಂದಂತಾಯಿತು.

ವಿದ್ಯುತ್ ದೋಣಿಗೆ ಮರುಹುಟ್ಟು ಬಂದುದು 1881ರಲ್ಲಿ. ಆ ವರ್ಷ ಪ್ಯಾರಿಸಿನ ಸೇನ್ ನದಿಯಲ್ಲಿ ಗುಸ್ತಾವ್ ತ್ರೂವೆ ಎಂಬಾತನು ಐದು ಕಿಲೋಗ್ರಾಂ ತೂಕದ ಮೋಟಾರಿನಿಂದ ದೋಣಿ ನಡೆಸಿದನು. ಅದೇ ವರ್ಷ ಅದೇ ಊರಿನಲ್ಲಿ ಸೇರಿದ ವಿದ್ಯುತ್ ತಜ್ಞರ ಸಮ್ಮೇಳನ ವೋಲ್ಟು, ಆಂಪಿಯರು ಎಂಬ ಮಾನಗಳಿಗೆ ಒಪ್ಪಿಗೆಯಿತ್ತಿತು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಂತಿಯಿಲ್ಲದೆ ದೂರದಿಂದಲೇ ಆಳುವ ಮಾದರಿ ದೋಣಿಯನ್ನು ತೊಟ್ಟಿಯಲ್ಲಿ ಓಡಿಸಿ ತೋರಿಸಿದನು. ಇಂದು ಕೊಳದ ದಡದಲ್ಲಿ ನಿಂತು ದೋಣಿ ಆಡಿಸುವವರೆಲ್ಲ ಆ ಪರಂಪರೆಯವರೇ.

ಇಂಥವರು ತಮ್ಮ ಮೋಟಾರಿನ ನಿಜವಾದ ಸಾಮರ್ಥ್ಯವನ್ನು ತಿಳಿಯಲು ಇಂದಿಗೂ ಪ್ರೋನಿಯ ದಾರಿಯನ್ನೇ ಹಿಡಿಯಬಹುದು. ಅಚ್ಚಿಗೆ ಎರಡು ಸೆಂಟಿಮೀಟರ್ ಅಡ್ಡಳತೆಯ ಸಣ್ಣ ಗಾಲಿಯೊಂದನ್ನು ಸಿಕ್ಕಿಸಿ, ಅದರ ಮೇಲೆ ದಾರವನ್ನು ಹಾಯಿಸಿ, ದಾರದ ಎರಡು ತುದಿಗಳನ್ನೂ ಎರಡು ಸ್ಪ್ರಿಂಗ್ ತಕ್ಕಡಿಗಳಿಗೆ ಕಟ್ಟುವುದು. ಮೋಟಾರು ತಿರುಗಿದಾಗ ಒಂದು ತಕ್ಕಡಿ ಹೆಚ್ಚು ತೋರಿಸುತ್ತದೆ, ಇನ್ನೊಂದು ಕಡಮೆ. ಆ ವ್ಯತ್ಯಾಸ 200 ಗ್ರಾಂ ಎಂದಿಟ್ಟುಕೊಳ್ಳೋಣ. ಗಾಲಿ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ ಎನ್ನೋಣ. ಆಗ ಗಾಲಿಯ ಅಂಚಿನ ವೇಗ ಸೆಕೆಂಡಿಗೆ 6.28 ಮೀಟರು, ಸಾಮರ್ಥ್ಯ ಸುಮಾರು 12.3 ವ್ಯಾಟು. ಅದೇ ಹೊತ್ತಿನಲ್ಲಿ ಬ್ಯಾಟರಿಯ ಕಡೆ 6 ವೋಲ್ಟು, 4 ಆಂಪಿಯರು ಕಂಡುಬಂದರೆ ಮೋಟಾರು ಉಂಡುದು 24 ವ್ಯಾಟು. ದುಡಿದುದು ಅರ್ಧ, ಮೈ ಬಿಸಿ ಮಾಡಿಕೊಂಡುದು ಅರ್ಧ. ಬೇರೆ ಬೇರೆ ಹೊರೆಗಳಿಗೆ ಇದನ್ನೇ ಮಾಡಿ ಬರೆದಿಟ್ಟರೆ ಯಾಕೋಬಿಯ ಹದ ಎಲ್ಲಿದೆಯೆಂದು ಗೊತ್ತಾಗುತ್ತದೆ. ಆದರೆ ಬೇಗ ಮುಗಿಸಬೇಕು. ಮೋಟಾರು ಕಾದಂತೆ ತಂತಿಯ ತಡೆ ಹೆಚ್ಚುತ್ತದೆ, ಬ್ಯಾಟರಿಯ ವೋಲ್ಟು ಇಳಿಯುತ್ತದೆ, ದಾರವೂ ಸುಡುತ್ತದೆ. ದೋಣಿಯನ್ನೇ ದಡಕ್ಕೆ ಕಟ್ಟಿ ಅದರ ಎಳೆತವನ್ನು ತಕ್ಕಡಿಯಲ್ಲಿ ನೋಡುವವರೂ ಉಂಟು. ಅದರಿಂದ ಬಲ ತಿಳಿದೀತು, ಸಾಮರ್ಥ್ಯ ತಿಳಿಯದು; ಕಟ್ಟಿದ ದೋಣಿ ಎಷ್ಟೇ ಹೆಣಗಿದರೂ ಮುಂದೆ ಸಾಗದಿದ್ದ ಮೇಲೆ ಅದರ ಸಾರ್ಥಕ ಕೆಲಸ ಸೊನ್ನೆಯೇ.

ಮಾರುವವನು ಉಂಡ ಲೆಕ್ಕವನ್ನೇ ಹೇಳಲು ಇಷ್ಟಪಡುತ್ತಾನೆ, ಏಕೆಂದರೆ ಅದು ದೊಡ್ಡದು. ದೋಣಿಯ ಒಡೆಯನಿಗೂ ಅದನ್ನೇ ನಂಬುವ ಆಸೆ. ಅಚ್ಚಿಗೆ ದಾರ ಹಾಯಿಸಿ ನೋಡುವವನು ಇಬ್ಬರಿಗೂ ಬೇಡವಾದ ಅತಿಥಿ. ಆದರೂ ವಿದ್ಯುತ್ ಮೋಟಾರು ಇಂದು ರೈಲನ್ನೂ ಹಡಗನ್ನೂ ಎಳೆಯುವಂತಾದುದು, ಅದನ್ನು ಹೊಗಳಿದವರ ಜೊತೆಗೆ ಅದರ ಕೊರತೆಯನ್ನು ಅಳೆದು ಹೇಳಿದವರೂ ಇದ್ದುದರಿಂದ. ಕೊರತೆ ಇಂತಿಷ್ಟು ಎಂದು ತಿಳಿದ ಮೇಲಲ್ಲವೆ ಅದನ್ನು ತುಂಬುವ ದಾರಿ ತೋರುವುದು?

1889ರಲ್ಲಿ ಪ್ಯಾರಿಸಿನಲ್ಲಿ ಮತ್ತೆ ಸೇರಿದ ತಜ್ಞರು ಸಾಮರ್ಥ್ಯದ ಮಾನಕ್ಕೆ ವ್ಯಾಟನ ಹೆಸರನ್ನೂ ಶಕ್ತಿಯ ಮಾನಕ್ಕೆ ಜೌಲನ ಹೆಸರನ್ನೂ ಇಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಜೌಲನು ತೀರಿಕೊಂಡನು. ಮ್ಯಾಂಚೆಸ್ಟರಿನ ಬಳಿ ಅವನ ಸಮಾಧಿಯ ಕಲ್ಲಿನ ಮೇಲೆ 772.55 ಎಂಬ ಸಂಖ್ಯೆಯನ್ನು ಕೆತ್ತಿದ್ದಾರೆ. ಸತುವಿನ ಲೆಕ್ಕದಲ್ಲಿ ಸೋತ ತರುಣನು, ಸೋತ ಪಾಲು ಎಲ್ಲಿ ಹೋಯಿತೆಂದು ಬಿಡದೆ ಹುಡುಕಿ, ಜೀವನವೆಲ್ಲ ತಿದ್ದಿ ತಿದ್ದಿ ಪಡೆದ ಸಂಖ್ಯೆ ಅದು.